ಚಟ ಬಿಡಿಸುವ ದುಡ್ಡಿಗೆ ಕತ್ತರಿ ಬಿದ್ದಾಗ



ಒಂದು ಸಂಜೆ ನಮ್ಮ ಕಲಿಕಾ ಕೇಂದ್ರದಲ್ಲಿ ಗೋಡೆ ಬರಹ ಓದುವ ಪಾಠ ನಡೆದಿತ್ತು. ಎಲ್ಲರೂ ಎದ್ದು ಹೊರಗೆ ಬಂದೆವು. ಬಸ್ ನಿಲ್ದಾಣದ ಗೋಡೆಯ ಮೇಲೆ ದೊಡ್ಡ ಅಕ್ಷರದಲ್ಲಿ ಬರೆದಿತ್ತು: "ತಂಬಾಕು ಸೇವನೆ ಆರೋಗ್ಯಕ್ಕೆ ಹಾನಿಕರ." ಒಬ್ಬ ಅಕ್ಕ ಒಂದೊಂದೇ ಅಕ್ಷರ ಕೂಡಿಸಿ ಪೂರ್ತಿ ಓದಿದರು. ನಾವೆಲ್ಲ ಚಪ್ಪಾಳೆ ತಟ್ಟಿದೆವು.

ಆಮೇಲೆ ಆ ಅಕ್ಕ ಕೇಳಿದರು:

"ಅಲ್ಲ ಟೀಚರ್, ಇದನ್ನ ನೋಡಿ ಯಾರು ಬಿಡ್ತಾರೆ? ನಮ್ಮ ಯಜಮಾನ್ರು ಇದೇ ಗೋಡೆಗೆ ಒರಗಿಕೊಂಡು ಬೀಡಿ ಸೇದ್ತಾರೆ. ಈ ಬಣ್ಣಕ್ಕೆ ಹಾಕಿದ ದುಡ್ಡಲ್ಲಿ ಆಸ್ಪತ್ರೆಗೆ ಎರಡು ಡಬ್ಬ ಮಾತ್ರೆ ತರಬಹುದಿತ್ತು."

ಎಲ್ಲರೂ ನಕ್ಕರು. ಆದರೆ ಪ್ರಶ್ನೆ ಸಣ್ಣದಲ್ಲ. ತಿಳಿವಳಿಕೆ ಕೊಡಲು ಸರಕಾರ ಹಾಕುವ ದುಡ್ಡು ದಂಡವೇ? ದುಡ್ಡಿಗೆ ಕಷ್ಟ ಬಂದಾಗ ಮೊದಲು ಕತ್ತರಿಸಬೇಕಾದದ್ದು ಅದನ್ನೇ?

ಇದೇ ಪ್ರಶ್ನೆ ಇಂಗ್ಲೆಂಡ್ ದೇಶದಲ್ಲಿ ದೊಡ್ಡದಾಗಿ ಎದ್ದಿತ್ತು. ಅಲ್ಲಿ ಮೇಲಿನ ಸರಕಾರ "ದುಡ್ಡು ಕಡಿಮೆ ಮಾಡ್ತೀವಿ" ಅಂದಿತು. ಊರಿನ ಆಡಳಿತಗಳು "ಬೇಡ, ಮಾಡಬೇಡಿ" ಅಂದವು. ಆ ಸಂಗತಿಯನ್ನು ಈ ಪಾಠದಲ್ಲಿ ತಿಳಿಯೋಣ.

ಅಲ್ಲಿಯ ಊರಾಡಳಿತ

ಇಂಗ್ಲೆಂಡ್ ನಮ್ಮಿಂದ ಬಹಳ ದೂರದ ದೇಶ. ವಿಮಾನದಲ್ಲಿ ಹೋದರೂ ಹತ್ತು ಗಂಟೆ ಬೇಕು. ಹಿಂದೆ ನಮ್ಮನ್ನು ಆಳಿದವರ ದೇಶ ಅದು.

ನಮ್ಮಲ್ಲಿ ಗ್ರಾಮ ಪಂಚಾಯಿತಿ, ಪುರಸಭೆ, ನಗರಸಭೆ ಇವೆ. ಹಾಗೆಯೇ ಅಲ್ಲಿ ಕೌನ್ಸಿಲ್‌ಗಳಿವೆ. ಜನ ಓಟು ಹಾಕಿ ಕೌನ್ಸಿಲ್ ಸದಸ್ಯರನ್ನು ಆರಿಸುತ್ತಾರೆ. ಕಸ ಎತ್ತುವುದು, ರಸ್ತೆ ನೋಡಿಕೊಳ್ಳುವುದು, ಗ್ರಂಥಾಲಯ ನಡೆಸುವುದು, ವಯಸ್ಸಾದವರಿಗೆ ಆಸರೆ ಕೊಡುವುದು, ಇವೆಲ್ಲ ಕೌನ್ಸಿಲ್‌ಗಳ ಕೆಲಸ.

ಆಸ್ಪತ್ರೆಗಳು ಮಾತ್ರ ಬೇರೆ. ಅವುಗಳನ್ನು ರಾಷ್ಟ್ರೀಯ ಆರೋಗ್ಯ ಸೇವೆ ಎಂಬ ದೊಡ್ಡ ಸಂಸ್ಥೆ ನಡೆಸುತ್ತದೆ. ಅದಕ್ಕೆ ದುಡ್ಡು ಮೇಲಿನ ಸರಕಾರದಿಂದ ಬರುತ್ತದೆ.

ಈ ಎರಡನ್ನೂ ನೆನಪಿಡಿ. ಒಂದು ಕಡೆ ಆಸ್ಪತ್ರೆ, ಇನ್ನೊಂದು ಕಡೆ ಕೌನ್ಸಿಲ್. ಮುಂದೆ ಬರುವ ಜಗಳ ಅರ್ಥವಾಗಬೇಕಾದರೆ ಇದು ಗೊತ್ತಿರಬೇಕು.

ಹೊಗೆಯ ದೇಶ

ಒಂದು ಕಾಲಕ್ಕೆ ಆ ದೇಶದಲ್ಲಿ ಎಲ್ಲಿ ನೋಡಿದರೂ ಹೊಗೆಯೇ. 1948ರಲ್ಲಿ ಅಲ್ಲಿಯ 100 ಗಂಡಸರಲ್ಲಿ ಸುಮಾರು 80 ಮಂದಿ ಸಿಗರೇಟೋ ಪೈಪೋ ಸೇದುತ್ತಿದ್ದರು. ಹೆಂಗಸರೂ ಸೇದುತ್ತಿದ್ದರು. ಬಸ್ಸಿನಲ್ಲಿ, ಸಿನಿಮಾದಲ್ಲಿ, ಆಸ್ಪತ್ರೆಯಲ್ಲೂ ಸೇದುತ್ತಿದ್ದರು. ಅದು ಕೆಟ್ಟದ್ದೆಂದು ಯಾರಿಗೂ ಸರಿಯಾಗಿ ಗೊತ್ತಿರಲಿಲ್ಲ.

ಆಗ ಶ್ವಾಸಕೋಶದ ಕ್ಯಾನ್ಸರ್ ಹೆಚ್ಚುತ್ತಾ ಹೋಯಿತು. ಶ್ವಾಸಕೋಶ ಅಂದರೆ ಎದೆಯೊಳಗೆ ಉಸಿರು ತುಂಬುವ ಅಂಗ. ರಿಚರ್ಡ್ ಡಾಲ್, ಬ್ರಾಡ್‌ಫರ್ಡ್ ಹಿಲ್ ಎಂಬ ಇಬ್ಬರು ತಜ್ಞರು ಆಸ್ಪತ್ರೆಯ ರೋಗಿಗಳನ್ನು ವಿಚಾರಿಸಿದರು. ಯಾರಿಗೆ ಈ ಕ್ಯಾನ್ಸರ್ ಬಂದಿದೆ, ಯಾರಿಗೆ ಬೇರೆ ಕಾಯಿಲೆ ಬಂದಿದೆ, ಯಾರು ಎಷ್ಟು ಸೇದುತ್ತಿದ್ದರು ಎಂದು ಬರೆದುಕೊಂಡು ಲೆಕ್ಕ ಹಾಕಿದರು. 1950ರಲ್ಲಿ ಲೆಕ್ಕ ಹೊರಗೆ ಬಂತು. ಹೆಚ್ಚು ಸೇದುವವರಿಗೇ ಈ ಕ್ಯಾನ್ಸರ್ ಹೆಚ್ಚು ಎಂದು ಗೊತ್ತಾಯಿತು.

1962ರಲ್ಲಿ ಅಲ್ಲಿಯ ದೊಡ್ಡ ವೈದ್ಯರ ಸಂಘವೂ ಇದನ್ನೇ ಹೇಳಿತು. ಜನಕ್ಕೆ ತಿಳಿಸಿ, ಜಾಹೀರಾತಿಗೆ ಕಡಿವಾಣ ಹಾಕಿ ಎಂದು ಸರಕಾರಕ್ಕೆ ಹೇಳಿತು.

ಆಮೇಲೆ ನಿಧಾನವಾಗಿ ಹೊಗೆ ಇಳಿಯಿತು. 1974ರಲ್ಲಿ ಆ ನಾಡಿನ ದೊಡ್ಡವರಲ್ಲಿ 100ಕ್ಕೆ 45 ಮಂದಿ ಸಿಗರೇಟು ಸೇದುತ್ತಿದ್ದರು. 2015ರ ಹೊತ್ತಿಗೆ ಇಂಗ್ಲೆಂಡಿನಲ್ಲಿ 100ಕ್ಕೆ 17ಕ್ಕೆ ಬಂತು. ಇದು ತಾನಾಗಿ ಇಳಿದದ್ದಲ್ಲ. ತೆರಿಗೆ ಏರಿತು. ಜಾಹೀರಾತು ನಿಂತಿತು. 2007ರ ಜುಲೈ 1ರಿಂದ ಹೋಟೆಲು, ಕಚೇರಿ ಒಳಗೆ ಸೇದಬಾರದು ಎಂದು ಕಾನೂನು ಬಂತು. ಇವುಗಳ ಜೊತೆಗೆ ಬಿಡಲು ಮನಸ್ಸಿದ್ದವರಿಗೆ ಕೈಹಿಡಿದು ಬಿಡಿಸುವ ಕೆಲಸವೂ ನಡೆಯಿತು.

ಕೈಹಿಡಿದು ಬಿಡಿಸುವುದು ಹೇಗೆ?

"ಬಿಡಬೇಕು ಅಂತ ಮನಸ್ಸಿದ್ರೆ ಬಿಡ್ತಾರೆ" ಎಂದು ನಾವು ಅಂದುಬಿಡುತ್ತೇವೆ. ಅದು ಅಷ್ಟು ಸುಲಭವಲ್ಲ. ತಂಬಾಕಿನಲ್ಲಿ ನಿಕೋಟಿನ್ ಎಂಬ ಅಂಶವಿದೆ. ಅದು ಮೆದುಳನ್ನು ಹಿಡಿದುಕೊಳ್ಳುತ್ತದೆ. ಬಿಟ್ಟ ಮೊದಲ ದಿನಗಳಲ್ಲಿ ಸಿಟ್ಟು ಬರುತ್ತದೆ. ನಿದ್ದೆ ಬರುವುದಿಲ್ಲ. ಕೈ ತಾನಾಗಿಯೇ ಜೇಬಿಗೆ ಹೋಗುತ್ತದೆ. ಎಲೆ ಅಡಿಕೆಗೆ ಹೊಗೆಸೊಪ್ಪು ಹಾಕುವ ನಮ್ಮ ಅಕ್ಕಂದಿರಿಗೂ ಈ ಕಷ್ಟ ಗೊತ್ತು.

ಅದಕ್ಕೇ ಇಂಗ್ಲೆಂಡಿನಲ್ಲಿ 1999ರಿಂದ ಒಂದು ಸೇವೆ ಶುರುವಾಯಿತು. ಅದು ಹೀಗೆ ನಡೆಯುತ್ತದೆ.

ಬಿಡಬೇಕು ಎನ್ನುವವರು ಸೇವೆಯ ಕೇಂದ್ರಕ್ಕೆ ಬರುತ್ತಾರೆ. ಅಲ್ಲಿ ತರಬೇತಿ ಪಡೆದ ಸಲಹೆಗಾರರು ಇರುತ್ತಾರೆ. ಇಬ್ಬರೂ ಕೂತು ಒಂದು ದಿನ ಗೊತ್ತುಮಾಡುತ್ತಾರೆ. ಆ ದಿನದಿಂದ ಒಂದೂ ಸೇದಬಾರದು. ಆಮೇಲೆ ವಾರ ವಾರ ಭೇಟಿ. ಹೇಗಿದ್ದೀರಿ, ಯಾವಾಗ ಆಸೆ ಬಂತು, ಆಗ ಏನು ಮಾಡಿದಿರಿ ಎಂದು ಮಾತಾಡುತ್ತಾರೆ. ಚರ್ಮಕ್ಕೆ ಅಂಟಿಸುವ ಪಟ್ಟಿ, ಅಗಿಯುವ ಗಮ್, ಮಾತ್ರೆ ಕೊಡುತ್ತಾರೆ. ಇವುಗಳಿಂದ ಆಸೆಯ ಕಾಟ ಕಡಿಮೆಯಾಗುತ್ತದೆ.

ಒಂದು ಸಣ್ಣ ಯಂತ್ರವೂ ಇದೆ. ಅದರ ಕೊಳವೆಗೆ ಊದಬೇಕು. ಹೊಗೆಯಿಂದ ದೇಹಕ್ಕೆ ಸೇರಿದ ಕಾರ್ಬನ್ ಮಾನಾಕ್ಸೈಡ್ ಎಂಬ ವಿಷದ ಗಾಳಿ ಎಷ್ಟಿದೆ ಎಂದು ಅದು ಅಂಕಿಯಲ್ಲಿ ತೋರಿಸುತ್ತದೆ. ಸೇದುವುದು ಬಿಟ್ಟ ಒಂದೆರಡು ದಿನದಲ್ಲೇ ಅಂಕಿ ಇಳಿಯುತ್ತದೆ. ಕಣ್ಣಿಗೆ ಕಾಣುವ ಗೆಲುವು ಅದು. ಗರ್ಭಿಣಿಯರಿಗೂ ಈ ಪರೀಕ್ಷೆ ಮಾಡುತ್ತಾರೆ. ಯಾಕೆಂದರೆ ತಾಯಿ ಸೇದಿದರೆ ಹೊಟ್ಟೆಯಲ್ಲಿರುವ ಮಗುವಿಗೆ ಉಸಿರು ಕಡಿಮೆಯಾಗುತ್ತದೆ. ಮಗು ತೂಕ ಕಡಿಮೆ ಇಟ್ಟುಕೊಂಡು ಹುಟ್ಟುತ್ತದೆ.

ಒಬ್ಬರೇ ಹಟ ಹಿಡಿದು ಬಿಡುವವರಿಗಿಂತ ಹೀಗೆ ಸಲಹೆ ಮತ್ತು ಔಷಧಿ ಎರಡೂ ಪಡೆದವರು ಬಿಡುವ ಸಂಭವ ಸುಮಾರು ಮೂರು ಪಟ್ಟು ಹೆಚ್ಚು. ಗೋಡೆ ಬರಹ ಒಂದರಿಂದಲೇ ಚಟ ಹೋಗುವುದಿಲ್ಲ ಎಂದ ನಮ್ಮ ಅಕ್ಕನ ಮಾತು ಸರಿಯೇ. ಆದರೆ ಬರಹ ಓದಿದವರಿಗೆ ಹೋಗಲು ಒಂದು ಬಾಗಿಲು ಇದ್ದರೆ ಮಾತು ಬೇರೆ.

ಮೀಸಲು ಡಬ್ಬಿ

2013ರ ಏಪ್ರಿಲ್ 1ರಿಂದ ಇಂಗ್ಲೆಂಡಿನಲ್ಲಿ ಒಂದು ಬದಲಾವಣೆ ಆಯಿತು. ರೋಗ ಬಾರದಂತೆ ನೋಡಿಕೊಳ್ಳುವ ಕೆಲಸ ಕೌನ್ಸಿಲ್‌ಗಳ ಕೈಗೆ ಬಂತು. ತಂಬಾಕು ಬಿಡಿಸುವುದು, ಕುಡಿತ ಬಿಡಿಸುವುದು, ಮಕ್ಕಳ ಆರೋಗ್ಯ, ಇವೆಲ್ಲ ಅದರಲ್ಲಿ ಸೇರಿದವು. ಜನರಿಗೆ ಹತ್ತಿರ ಇರುವವರು ಕೌನ್ಸಿಲ್‌ನವರು. ಯಾವ ಬೀದಿಯಲ್ಲಿ ಯಾವ ಕಷ್ಟ ಎಂದು ಅವರಿಗೆ ಗೊತ್ತು. ಅದಕ್ಕೇ ಅವರಿಗೆ ಕೊಟ್ಟದ್ದು.

ಕೆಲಸದ ಜೊತೆ ದುಡ್ಡೂ ಬಂತು. ಆ ದುಡ್ಡಿಗೆ ಒಂದು ಕಟ್ಟುಪಾಡು ಇತ್ತು. ಅದನ್ನು ಜನರ ಆರೋಗ್ಯಕ್ಕೇ ಖರ್ಚು ಮಾಡಬೇಕು. ರಸ್ತೆಗೆ ಹಾಕುವಂತಿಲ್ಲ, ದೀಪಕ್ಕೆ ಹಾಕುವಂತಿಲ್ಲ. ನಾವು ಸಾಸಿವೆ ಡಬ್ಬಿಯಲ್ಲಿ ಮಗಳ ಫೀಸಿಗೆ ಅಂತ ದುಡ್ಡು ಇಡುತ್ತೇವಲ್ಲ, ಹಾಗೆ. ಅದನ್ನು ಸೀರೆಗೆ ತೆಗೆಯುವುದಿಲ್ಲ.

ಅದೇ 2013ರ ಮೇ ತಿಂಗಳಲ್ಲಿ ನ್ಯೂಕಾಸಲ್ ಎಂಬ ಊರಿನ ಕೌನ್ಸಿಲ್ ಒಂದು ಘೋಷಣೆ ಬರೆಯಿತು. ತಂಬಾಕಿನ ಹಾನಿ ತಡೆಯುವುದು ನಮ್ಮ ಹೊಣೆ, ತಂಬಾಕು ಕಂಪನಿಗಳ ಒತ್ತಡಕ್ಕೆ ನಾವು ಬಗ್ಗುವುದಿಲ್ಲ ಎಂಬುದು ಅದರ ಸಾರ. ಮುಂದೆ ನೂರಕ್ಕೂ ಹೆಚ್ಚು ಕೌನ್ಸಿಲ್‌ಗಳು ಅದಕ್ಕೆ ಸಹಿ ಹಾಕಿದವು. ಬೇರೆ ಬೇರೆ ಪಕ್ಷದವರು ಆಳುವ ಕೌನ್ಸಿಲ್‌ಗಳೂ ಅದರಲ್ಲಿ ಇದ್ದವು.

ವರ್ಷದ ನಡುವೆ ಕತ್ತರಿ

ಎರಡೇ ವರ್ಷ ಕಳೆಯಿತು. 2015ರ ಜೂನ್ ತಿಂಗಳಲ್ಲಿ ಹಣಕಾಸು ಮಂತ್ರಿ ಜಾರ್ಜ್ ಆಸ್‌ಬಾರ್ನ್ ಒಂದು ಪ್ರಕಟಣೆ ಮಾಡಿದರು. ಕೌನ್ಸಿಲ್‌ಗಳಿಗೆ ಆರೋಗ್ಯಕ್ಕೆಂದು ಕೊಡುವ ದುಡ್ಡಿನಲ್ಲಿ 20 ಕೋಟಿ ಪೌಂಡು ಕಡಿತ! ಪೌಂಡು ಅಂದರೆ ಅಲ್ಲಿಯ ನಾಣ್ಯ. ಆಗಿನ ಲೆಕ್ಕದಲ್ಲಿ ಅದು ನಮ್ಮ ಸುಮಾರು 2,000 ಕೋಟಿ ರೂಪಾಯಿ.

ಅದೂ ಮುಂದಿನ ವರ್ಷದ ದುಡ್ಡಲ್ಲ. ಅದೇ ವರ್ಷ ಕೊಡುತ್ತೇವೆಂದು ಆಗಲೇ ಹೇಳಿದ್ದ ದುಡ್ಡು.

ಸರಕಾರಕ್ಕೂ ತನ್ನದೇ ಕಾರಣ ಇತ್ತು. ದೇಶದ ಸಾಲ ಬಹಳ ಬೆಳೆದಿದೆ, ಖರ್ಚು ಇಳಿಸಲೇಬೇಕು ಎಂದು ಅದು ಹೇಳಿತು. ಆಸ್ಪತ್ರೆಗಳ ದುಡ್ಡಿಗೆ ನಾವು ಕೈ ಹಾಕಿಲ್ಲ ಎಂದೂ ಹೇಳಿತು. ಕೇಳಿದರೆ ನ್ಯಾಯ ಅನ್ನಿಸುತ್ತದೆ. ಆಸ್ಪತ್ರೆ ಉಳಿಯಲಿ, ತಿಳಿವಳಿಕೆ ಆಮೇಲೆ ಆಗಲಿ ಎಂದು ನಮಗೂ ಅನ್ನಿಸಬಹುದು. ನಮ್ಮ ಅಕ್ಕ ಹೇಳಿದ್ದೂ ಅದನ್ನೇ ಅಲ್ಲವೇ?

ಹಾಗಾದರೆ ಕೌನ್ಸಿಲ್‌ಗಳು ಯಾಕೆ ಬೇಡ ಅಂದವು?

ಕೌನ್ಸಿಲ್‌ಗಳ ವಾದ

ಕೌನ್ಸಿಲ್‌ಗಳಿಗೆ ಒಂದು ಒಕ್ಕೂಟ ಇದೆ. ಸ್ಥಳೀಯ ಸರಕಾರಗಳ ಸಂಘ ಎಂದು ಅದರ ಹೆಸರು. ಆ ಸಂಘವೂ ಹಲವು ಕೌನ್ಸಿಲ್‌ಗಳೂ ಈ ಕಡಿತವನ್ನು ವಿರೋಧಿಸಿದವು. ಅವರ ವಾದವನ್ನು ನಮ್ಮ ಮಾತಿನಲ್ಲಿ ಹೇಳುವುದಾದರೆ ಹೀಗೆ.

ಮೊದಲನೆಯದು: ವರ್ಷ ಶುರುವಾಗಿ ಎರಡು ತಿಂಗಳಾಗಿದೆ. ಸಲಹೆಗಾರರನ್ನು ನೇಮಿಸಿ ಆಗಿದೆ. ಕರಾರು ಪತ್ರಕ್ಕೆ ಸಹಿ ಬಿದ್ದಿದೆ. ಈಗ ದುಡ್ಡು ಇಲ್ಲ ಎಂದರೆ ಹೇಗೆ? ಮದುವೆ ಮನೆಯಲ್ಲಿ ಒಲೆ ಹಚ್ಚಿ ಎಸರಿಟ್ಟ ಮೇಲೆ ಅಕ್ಕಿ ವಾಪಸು ಕೇಳಿದಂತೆ.

ಎರಡನೆಯದು: ಇದು ಉಳಿತಾಯವೇ ಅಲ್ಲ. ಇವತ್ತು ಒಬ್ಬರು ಸಿಗರೇಟು ಬಿಡದೆ ಹೋದರೆ ಹತ್ತು ವರ್ಷದ ಮೇಲೆ ಹೃದಯದ ಕಾಯಿಲೆ, ಉಸಿರಿನ ಕಾಯಿಲೆ, ಕ್ಯಾನ್ಸರ್ ಹಿಡಿದು ಆಸ್ಪತ್ರೆಗೆ ಬರುತ್ತಾರೆ. ಆಗ ಖರ್ಚು ಎಷ್ಟೋ ಪಟ್ಟು. ದುಡ್ಡು ಒಂದು ಕಿಸೆಯಲ್ಲಿ ಉಳಿಯಿತು, ಇನ್ನೊಂದು ಕಿಸೆಯಿಂದ ಹೋಯಿತು. ಕೌನ್ಸಿಲ್‌ನ ದುಡ್ಡು ಕತ್ತರಿಸಿದರೆ ಹೊರೆ ಬೀಳುವುದು ಆಸ್ಪತ್ರೆಯ ಮೇಲೆಯೇ. ಹಾಗಾದರೆ ಆಸ್ಪತ್ರೆಯನ್ನು ಉಳಿಸಿದಂತೆ ಹೇಗಾಯಿತು?

ಮೂರನೆಯದು: ಏಟು ಬೀಳುವುದು ಬಡವರಿಗೆ. ಅಲ್ಲಿ ಉಳ್ಳವರು ಬಹಳ ಮಂದಿ ಆಗಲೇ ಬಿಟ್ಟಿದ್ದರು. ಕೂಲಿ ಕೆಲಸ ಮಾಡುವವರು, ಕೆಲಸ ಇಲ್ಲದವರು, ಮನಸ್ಸಿನ ಕಾಯಿಲೆ ಇರುವವರು, ಇವರಲ್ಲೇ ಸೇದುವುದು ಹೆಚ್ಚು ಉಳಿದಿತ್ತು. ಬಿಡಲು ಸಹಾಯ ಹೆಚ್ಚು ಬೇಕಾದವರೂ ಅವರೇ.

ನಾಲ್ಕನೆಯದು: ಕೆಲಸ ನಮಗೆ ಕೊಟ್ಟಿರಿ, ದುಡ್ಡು ಹಿಂದಕ್ಕೆ ತೆಗೆದುಕೊಂಡಿರಿ. ಹೊಣೆ ಇದೆ, ಕೈಯಲ್ಲಿ ಕಾಸಿಲ್ಲ. ನಾಳೆ ಸೇವೆ ನಿಂತರೆ ಜನ ಬೈಯುವುದು ನಮ್ಮನ್ನು.

ಆ ವರ್ಷ ಜುಲೈ, ಆಗಸ್ಟ್ ತಿಂಗಳಲ್ಲಿ ಸರಕಾರ ಕೌನ್ಸಿಲ್‌ಗಳ ಅಭಿಪ್ರಾಯ ಕೇಳಿತು. ಆದರೆ ಕೇಳಿದ ಪ್ರಶ್ನೆ "ಕಡಿತ ಬೇಕೋ ಬೇಡವೋ" ಎಂದಲ್ಲ. "ಯಾರಿಂದ ಎಷ್ಟು ತೆಗೆಯೋಣ" ಎಂದು. ಬಾಳೆಗೊನೆ ಕಡಿಯುವುದು ನಿಂತಾಗಿದೆ, ಯಾವ ಕಡೆಯಿಂದ ಕಡಿಯಲಿ ಎಂದು ಕೇಳಿದ ಹಾಗೆ.

ಏನಾಯಿತು?

ಆ ಸಲ ಕೌನ್ಸಿಲ್‌ಗಳು ಸೋತವು. 2015ರ ನವೆಂಬರ್‌ನಲ್ಲಿ ಕಡಿತ ಖಾಯಂ ಆಯಿತು. ಪ್ರತಿ ಕೌನ್ಸಿಲ್‌ನ ದುಡ್ಡಿನಲ್ಲಿ 100ಕ್ಕೆ 6.2ರಷ್ಟು ಹೋಯಿತು. ಅದೇ ತಿಂಗಳು ಮುಂದಿನ ಐದು ವರ್ಷವೂ ಕಡಿತ ಇದೆ ಎಂದು ಸರಕಾರ ಹೇಳಿತು. ಬೆಲೆ ಏರಿಕೆ ಲೆಕ್ಕ ಹಿಡಿದರೆ ವರ್ಷಕ್ಕೆ ಸರಾಸರಿ 100ಕ್ಕೆ 3.9ರಷ್ಟು ಇಳಿಕೆ.

ದುಡ್ಡು ಇಳಿದಾಗ ಕೌನ್ಸಿಲ್‌ಗಳು ಏನು ಮಾಡಿದವು? ಒಂದೊಂದು ಕಡೆ ಒಂದೊಂದು ರೀತಿ. ಕೆಲವು ಕಡೆ ಬಿಡಿಸುವ ಕೇಂದ್ರವನ್ನೇ ಮುಚ್ಚಿದರು. ಕೆಲವು ಕಡೆ ಗರ್ಭಿಣಿಯರಿಗೆ ಮಾತ್ರ ಎಂದರು. ಕೆಲವು ಕಡೆ ಫೋನಿನಲ್ಲಿ ಮಾತ್ರ ಸಲಹೆ ಎಂದರು. ವಿರೋಧಿಸಿದ ಕೈಗಳೇ ಕತ್ತರಿ ಹಿಡಿಯಬೇಕಾಯಿತು. ಯಾಕೆಂದರೆ ವಯಸ್ಸಾದವರ ಆಸರೆ, ಮಕ್ಕಳ ರಕ್ಷಣೆ ಇವನ್ನು ನಿಲ್ಲಿಸುವಂತಿಲ್ಲ. ಮುಂದಿನ ಕೆಲವು ವರ್ಷದಲ್ಲಿ ತಂಬಾಕು ತಡೆಗೆ ಕೌನ್ಸಿಲ್‌ಗಳು ಹಾಕುವ ದುಡ್ಡು, ಬೆಲೆ ಏರಿಕೆ ಲೆಕ್ಕ ಹಿಡಿದರೆ, 100ಕ್ಕೆ 40ರಷ್ಟು ಇಳಿಯಿತು.

ಸೇವೆಗೆ ಬರುವವರೂ ಕಡಿಮೆಯಾದರು. 2011-12ರಲ್ಲಿ ಬಿಡುವ ದಿನ ಗೊತ್ತುಮಾಡಿಕೊಂಡವರು 8 ಲಕ್ಷಕ್ಕೂ ಹೆಚ್ಚು. 2018-19ರಲ್ಲಿ ಎರಡೂವರೆ ಲಕ್ಷಕ್ಕಿಂತ ಕಡಿಮೆ.

ಎಲ್ಲ ಕಡೆಯೂ ಹೀಗೇ ಆಗಲಿಲ್ಲ. ಇಂಗ್ಲೆಂಡಿನ ಈಶಾನ್ಯ ಭಾಗ ಹಿಂದೆ ಕಲ್ಲಿದ್ದಲು ಗಣಿಗಳ, ಹಡಗು ಕಟ್ಟುವವರ ನಾಡು. ಅಲ್ಲಿ ಬಡತನ ಹೆಚ್ಚು. ಸೇದುವವರೂ ಹೆಚ್ಚು. 2005ರಲ್ಲಿ 100 ದೊಡ್ಡವರಲ್ಲಿ 29 ಮಂದಿ ಸೇದುತ್ತಿದ್ದರು. ಆ ವರ್ಷವೇ ಅಲ್ಲಿ "ಫ್ರೆಶ್" ಎಂಬ ಜಂಟಿ ಕಾರ್ಯಕ್ರಮ ಶುರುವಾಗಿತ್ತು. ಆಮೇಲೆ ಕೌನ್ಸಿಲ್‌ಗಳು ತಮ್ಮ ತಮ್ಮ ಪಾಲು ಹಾಕಿ ಅದನ್ನು ನಡೆಸಿದವು. ಒಬ್ಬೊಬ್ಬರೇ ಮಾಡಲಾಗದ ಪ್ರಚಾರವನ್ನು ಕೂಡಿ ಮಾಡಿದವು. ನಮ್ಮ ಸ್ವಸಹಾಯ ಸಂಘದಲ್ಲಿ ಹತ್ತು ಜನ ಉಳಿತಾಯ ಕೂಡಿಸುವ ಹಾಗೆ. 2022ರ ಹೊತ್ತಿಗೆ ಆ ಭಾಗದಲ್ಲಿ ಸೇದುವವರು 100ಕ್ಕೆ ಸುಮಾರು 13ಕ್ಕೆ ಬಂದರು. ಅರ್ಧಕ್ಕಿಂತ ಹೆಚ್ಚು ಇಳಿಕೆ.

ಒಂದು ಕಷ್ಟದ ಪ್ರಶ್ನೆ

ಇಲ್ಲಿ ನಾವು ಒಂದು ಮಾತು ಮುಚ್ಚಿಡಬಾರದು. ದುಡ್ಡು ಕಡಿಮೆಯಾದರೂ ಇಂಗ್ಲೆಂಡಿನಲ್ಲಿ ಸೇದುವವರ ಸಂಖ್ಯೆ ಇಳಿಯುತ್ತಲೇ ಹೋಯಿತು. 2015ರಲ್ಲಿ 100ಕ್ಕೆ 17 ಇದ್ದದ್ದು 2023ರಲ್ಲಿ 12ರ ಹತ್ತಿರ ಬಂತು. ಹಾಗಾದರೆ ಆ ದುಡ್ಡು ಬೇಡವಾಗಿತ್ತೇ?

ಹಾಗೆ ಹೇಳಲು ಬರುವುದಿಲ್ಲ. ಆ ವರ್ಷಗಳಲ್ಲಿ ಬೇರೆ ಕೆಲಸಗಳೂ ನಡೆದಿದ್ದವು. ತೆರಿಗೆ ಏರುತ್ತಲೇ ಇತ್ತು. ಸಿಗರೇಟು ಪ್ಯಾಕಿನ ಬಣ್ಣ, ಚಂದ ಎಲ್ಲ ತೆಗೆದು ಎಲ್ಲ ಕಂಪನಿಯ ಪ್ಯಾಕೂ ಒಂದೇ ಮಂಕು ಬಣ್ಣಕ್ಕೆ ಬಂದವು. ಬಹಳ ಜನ ವಿದ್ಯುತ್ ಸಿಗರೇಟಿಗೆ ಹೋದರು. ಸೇವೆಗೆ ಬರುವವರು ಕಡಿಮೆಯಾಗಲು ಅದೂ ಒಂದು ಕಾರಣ. (ನಮ್ಮ ದೇಶದಲ್ಲಿ ವಿದ್ಯುತ್ ಸಿಗರೇಟು ಮಾರುವುದನ್ನು 2019ರಲ್ಲಿ ನಿಷೇಧಿಸಿದ್ದಾರೆ.)

ಆದರೆ ಎಲ್ಲರಿಗೂ ಒಂದೇ ಸಮ ಇಳಿಯಲಿಲ್ಲ. ಕಚೇರಿಯ ದೊಡ್ಡ ಕೆಲಸದವರಿಗಿಂತ ಕೂಲಿ ಕೆಲಸದವರಲ್ಲಿ ಸೇದುವವರು ಎರಡು ಪಟ್ಟಿಗೂ ಹೆಚ್ಚಾಗಿಯೇ ಉಳಿದರು. ಬಲ ಇದ್ದವರು ತಾವೇ ಮೇಲೆ ಬಂದರು. ಕೈಹಿಡಿಯುವವರು ಬೇಕಾಗಿದ್ದವರು ಹಿಂದೆ ಉಳಿದರು. ಕೌನ್ಸಿಲ್‌ಗಳು ಹೇಳಿದ ಮೂರನೆಯ ಮಾತು ನೆನಪಿದೆಯೇ? ಅದು ಹೀಗೆ ಕಣ್ಣ ಮುಂದೆ ಬಂತು.

ದುಡ್ಡು ವಾಪಸು ಬಂತು

ಕೌನ್ಸಿಲ್‌ಗಳು ಸುಮ್ಮನಾಗಲಿಲ್ಲ. ಪ್ರತಿ ವರ್ಷ ಲೆಕ್ಕ ಮುಂದಿಟ್ಟು ಕೇಳಿದವು. ವೈದ್ಯರೂ, ಆರೋಗ್ಯ ಸಂಘಟನೆಗಳೂ ಜೊತೆಗೆ ಕೇಳಿದವು.

ಕೊನೆಗೆ ಸರಕಾರ ಜಾವೇದ್ ಖಾನ್ ಎಂಬುವರಿಗೆ ತನಿಖೆ ಮಾಡಿ ವರದಿ ಕೊಡಲು ಹೇಳಿತು. 2022ರ ಜೂನ್‌ನಲ್ಲಿ ವರದಿ ಬಂತು. ತಂಬಾಕು ತಡೆಗೆ ವರ್ಷಕ್ಕೆ ಹನ್ನೆರಡೂವರೆ ಕೋಟಿ ಪೌಂಡು ಹೆಚ್ಚಿಗೆ ಹಾಕಿ ಎಂದು ಅವರು ಬರೆದರು.

2023ರ ಅಕ್ಟೋಬರ್‌ನಲ್ಲಿ ಸರಕಾರ ಒಪ್ಪಿತು. ಕೇಳಿದಷ್ಟು ಕೊಡಲಿಲ್ಲ. ಆದರೂ ಬಿಡಿಸುವ ಸೇವೆಗಳಿಗೆ ವರ್ಷಕ್ಕೆ 7 ಕೋಟಿ ಪೌಂಡು ಹೆಚ್ಚಿಗೆ ಕೊಡುತ್ತೇವೆ ಎಂದಿತು. ಪ್ರಚಾರಕ್ಕೆ ಒಂದೂವರೆ ಕೋಟಿ ಬೇರೆ. 2024ರ ಏಪ್ರಿಲ್‌ನಿಂದ ಆ ದುಡ್ಡು ಕೌನ್ಸಿಲ್‌ಗಳಿಗೆ ಬರತೊಡಗಿತು.

2015ರಲ್ಲಿ ಕತ್ತರಿ, 2024ರಲ್ಲಿ ದುಡ್ಡು. ನಡುವೆ ಒಂಬತ್ತು ವರ್ಷ. ಆ ಒಂಬತ್ತು ವರ್ಷದಲ್ಲಿ ಬಿಡಬೇಕೆಂದು ಬಾಗಿಲು ಹುಡುಕಿ, ಬಾಗಿಲು ಮುಚ್ಚಿದ್ದು ಕಂಡು ವಾಪಸು ಹೋದವರ ಲೆಕ್ಕ ಯಾರೂ ಬರೆದಿಡಲಿಲ್ಲ. ಮುಚ್ಚಿದ ಕೇಂದ್ರ ತೆರೆಯುವುದೂ ಸುಲಭವಲ್ಲ. ಅನುಭವಸ್ಥ ಸಲಹೆಗಾರರು ಬೇರೆ ಕೆಲಸಕ್ಕೆ ಹೋಗಿರುತ್ತಾರೆ. ಮತ್ತೆ ಹೊಸಬರಿಗೆ ಕಲಿಸಬೇಕು.

ಯಾಕೆ ಇದೇ ಮೊದಲು ಕತ್ತರಿಗೆ ಸಿಗುತ್ತದೆ?

ಇದನ್ನು ನಾವು ಚೆನ್ನಾಗಿ ತಿಳಿಯಬೇಕು. ಆಸ್ಪತ್ರೆ ಮುಚ್ಚಿದರೆ ಬಾಗಿಲಲ್ಲಿ ರೋಗಿಗಳು ನಿಲ್ಲುತ್ತಾರೆ. ಗಲಾಟೆ ಆಗುತ್ತದೆ. ಪೇಪರಿನಲ್ಲಿ ಬರುತ್ತದೆ. ತಿಳಿವಳಿಕೆ ಕೆಲಸ ನಿಂತರೆ ಯಾರೂ ಕೂಗುವುದಿಲ್ಲ. ಯಾಕೆಂದರೆ ಬಾರದೆ ಹೋದ ರೋಗ ಕಣ್ಣಿಗೆ ಕಾಣುವುದಿಲ್ಲ. "ಈ ಸಲಹೆಯಿಂದ ನನಗೆ ಕ್ಯಾನ್ಸರ್ ತಪ್ಪಿತು" ಎಂದು ಹೇಳಲು ಯಾರಿಗೂ ಗೊತ್ತಾಗುವುದಿಲ್ಲ.

ಮಳೆ ಬರುವ ಮುಂಚೆ ಹೆಂಚು ಸರಿಮಾಡಿಸಿದರೆ ಮನೆ ಸೋರುವುದಿಲ್ಲ. ಸೋರದೆ ಇದ್ದಾಗ ಹೆಂಚಿನವನನ್ನು ಯಾರೂ ನೆನೆಯುವುದಿಲ್ಲ. ಸೋರಿದಾಗ ಪಾತ್ರೆ ಹಿಡಿದು ಓಡಾಡುತ್ತೇವೆ.

ಅದಕ್ಕೇ ಕಾಣದ ಈ ಕೆಲಸದ ಪರವಾಗಿ ಯಾರಾದರೂ ಮಾತಾಡಬೇಕು. ಇಂಗ್ಲೆಂಡಿನಲ್ಲಿ ಊರಾಡಳಿತಗಳು ಮಾತಾಡಿದವು.

ನಮ್ಮ ಕಡೆ

ನಮ್ಮ ದೇಶದಲ್ಲಿ 2003ರಲ್ಲಿ ತಂಬಾಕು ತಡೆಯುವ ಕಾನೂನು ಬಂತು. 2007-08ರಲ್ಲಿ ರಾಷ್ಟ್ರೀಯ ತಂಬಾಕು ನಿಯಂತ್ರಣ ಕಾರ್ಯಕ್ರಮ ಶುರುವಾಯಿತು. ಗೋಡೆ ಬರಹ, ಶಾಲೆಯ ಪಾಠ, ಬಿಡಿಸುವ ಕೇಂದ್ರ ಇವಕ್ಕೆಲ್ಲ ಸರಕಾರದ ದುಡ್ಡು ಬೇಕು.

ನಮ್ಮ ಚಟವೇ ಬೇರೆ. ಅಲ್ಲಿ ಸಿಗರೇಟು, ಇಲ್ಲಿ ಬೀಡಿ, ಹೊಗೆಸೊಪ್ಪು, ಕಡ್ಡಿಪುಡಿ, ಗುಟ್ಕಾ. 2016-17ರ ದೊಡ್ಡ ಸಮೀಕ್ಷೆಯಲ್ಲಿ ಕರ್ನಾಟಕದ 100 ದೊಡ್ಡವರಲ್ಲಿ ಸುಮಾರು 23 ಮಂದಿ ಯಾವುದೋ ಒಂದು ರೂಪದಲ್ಲಿ ತಂಬಾಕು ಬಳಸುತ್ತಾರೆ ಎಂದು ಕಂಡುಬಂತು. "ನಾವು ಸೇದುವುದಿಲ್ಲ, ಬರೀ ಎಲೆ ಅಡಿಕೆ ಜೊತೆ ಹಾಕ್ತೀವಿ" ಎಂದು ಅಕ್ಕಂದಿರು ಹೇಳುತ್ತಾರೆ. ಅಗಿಯುವ ತಂಬಾಕಿನಿಂದ ಬಾಯಿ ಕ್ಯಾನ್ಸರ್ ಬರುತ್ತದೆ. ಗರ್ಭಿಣಿ ಅಗಿದರೂ ಮಗುವಿನ ತೂಕ ಇಳಿಯುತ್ತದೆ.

ಬಿಡಲು ಮನಸ್ಸಿದ್ದವರಿಗೆ ಸರಕಾರದ ಉಚಿತ ಫೋನ್ ಇದೆ. ನಂಬರು 1800-11-2356. ಈ ನಂಬರನ್ನು ನಿಮ್ಮ ಪುಸ್ತಕದಲ್ಲಿ ಬರೆದುಕೊಳ್ಳಿ. ಅಂಕಿ ಬರೆಯುವ ಅಭ್ಯಾಸವೂ ಆಗುತ್ತದೆ.

ಇನ್ನೊಂದು ಮಾತು. ನಮ್ಮ ಊರಾಡಳಿತ ಗ್ರಾಮ ಪಂಚಾಯಿತಿ. ಅದರ ಗ್ರಾಮಸಭೆಯಲ್ಲಿ ಓಟಿರುವ ಎಲ್ಲರೂ ಕೂರಬಹುದು, ಮಾತಾಡಬಹುದು. ಚರಂಡಿಗೆ, ರಸ್ತೆಗೆ ಕೇಳುತ್ತೇವೆ. ಶಾಲೆಯ ಹತ್ತಿರದ ಅಂಗಡಿಯಲ್ಲಿ ತಂಬಾಕು ಮಾರುತ್ತಿದ್ದರೆ ಅದನ್ನೂ ಕೇಳಬಹುದು. ಶಾಲೆಯಿಂದ 100 ಗಜದ ಒಳಗೆ ಮಾರಬಾರದು ಎಂದು ಕಾನೂನಿದೆ. ಜನರ ಆರೋಗ್ಯಕ್ಕೆ ಬಂದ ದುಡ್ಡು ಎಷ್ಟು, ಏನಾಯಿತು ಎಂದೂ ಕೇಳಬಹುದು.

ಮುಂದಿನ ವಾರ ಆ ಅಕ್ಕ ತರಗತಿಗೆ ಬಂದಾಗ ನಾವು ಈ ಕಥೆ ಹೇಳಿದೆವು. ಪೂರ್ತಿ ಕೇಳಿ ಸ್ವಲ್ಪ ಹೊತ್ತು ಸುಮ್ಮನಿದ್ದರು. ಆಮೇಲೆ ಅಂದರು:

"ಹಂಗಾದ್ರೆ ಆ ಗೋಡೆ ಮೇಲೆ ಫೋನ್ ನಂಬರೂ ಬರೀಬೇಕಿತ್ತು ಟೀಚರ್. ಹಾನಿ ಅಂತ ಹೇಳಿ ಸುಮ್ನೆ ಹೋದ್ರೆ ಹೆಂಗೆ? ಎಲ್ಲಿಗೆ ಹೋಗ್ಬೇಕು ಅಂತಾನೂ ಹೇಳ್ಬೇಕಲ್ವಾ?"

ಆ ಮಾತನ್ನು ಗ್ರಾಮಸಭೆಯಲ್ಲಿ ಹೇಳಿ ಎಂದೆವು. ಅರ್ಜಿ ಬರೆಯಲು ಎಲ್ಲರೂ ಕೂತರು. ಮೊದಲ ಸಾಲನ್ನು ಆ ಅಕ್ಕನೇ ಬರೆದರು.

ಓದಿ, ಮಾತಾಡಿ

1. ಇಂಗ್ಲೆಂಡಿನ ಕೌನ್ಸಿಲ್‌ಗಳು ಕಡಿತ ಬೇಡ ಎಂದು ಕೊಟ್ಟ ನಾಲ್ಕು ಕಾರಣ ಯಾವುವು? ನಿಮಗೆ ಯಾವುದು ಸರಿ ಅನ್ನಿಸಿತು?

2. ನೀವು ಸಾಸಿವೆ ಡಬ್ಬಿಯಲ್ಲಿ ಯಾವುದಕ್ಕೆ ದುಡ್ಡು ಇಡುತ್ತೀರಿ? ಅದನ್ನು ಬೇರೆ ಖರ್ಚಿಗೆ ತೆಗೆಯಬೇಕಾಗಿ ಬಂದಿತ್ತೇ? ಆಮೇಲೆ ಏನಾಯಿತು?

3. ನಿಮ್ಮ ಮನೆಯಲ್ಲಿ ಬೀಡಿ, ಹೊಗೆಸೊಪ್ಪು, ಗುಟ್ಕಾಕ್ಕೆ ದಿನಕ್ಕೆ ಎಷ್ಟು ಖರ್ಚಾಗುತ್ತದೆ? ತಿಂಗಳಿಗೆ ಎಷ್ಟು? ವರ್ಷಕ್ಕೆ ಎಷ್ಟು? ಬರೆದು ಲೆಕ್ಕ ಮಾಡಿ.

4. ಮುಂದಿನ ಗ್ರಾಮಸಭೆ ಯಾವಾಗ? ವಿಚಾರಿಸಿ ಬಂದು ತರಗತಿಯಲ್ಲಿ ಹೇಳಿ.